ಗುಂಡನ್ನು ತೆಗೆದಿರಾ?

ಗುಂಡೇಟು ತಿಂದವನನ್ನು ದವಾಖಾನೆಗೆ ಹೊತ್ತು ತಂದ ನಮ್ಮ ಹಳ್ಳಿಯ ಬಂಧುಗಳು ಡಾಕ್ಟರರನ್ನು ಕೇಳುವ ಮೊದಲ ಪ್ರಶ್ನೆ ಇದು. ಸಹಜವಾದ ಪ್ರಶ್ನೆಯೇ ಹೌದು, ಆದರೆ ಸರಿಯಾದುದಲ್ಲ. ಬಹುತರವಾಗಿ ಪ್ರಾಣ ತೆಗೆಯುವುದು ಒಳಗೆ ಉಳಿದ ಸೀಸದ ತುಣುಕಲ್ಲ, ಅದು ಸಾಗಿದ ದಾರಿಯಲ್ಲಿ ಹರಿದ ರಕ್ತನಾಳ, ತೂತಾದ ಕರುಳು.

ಅಮೇರಿಕದ ಅಧ್ಯಕ್ಷ ಗಾರ್ಫೀಲ್ಡರಿಗೆ 1881ರ ಜುಲೈ 2ರಂದು ಗುಂಡು ತಗುಲಿದಾಗ ವೈದ್ಯರು ತೊಳೆಯದ ಬೆರಳನ್ನು ಗಾಯದೊಳಗಿಟ್ಟು ಹುಡುಕಿದರು. ಟೆಲಿಫೋನಿನ ಖ್ಯಾತಿಯ ಬೆಲ್ ಮಹಾಶಯರು ಲೋಹ ಹುಡುಕುವ ಉಪಕರಣವನ್ನು ತಂದರೂ ಫಲವಾಗಲಿಲ್ಲ. ಗಾಯವು ಕೀತು, ಸೆಪ್ಟೆಂಬರ್ 19ರಂದು ಅವರು ತೀರಿಕೊಂಡರು. ರೋಂಟ್ಜೆನ್ ಪಂಡಿತರು ಕ್ಷ-ಕಿರಣವನ್ನು ಕಂಡುಹಿಡಿದುದು 1895ರಲ್ಲಿ. ಹದಿನಾಲ್ಕು ವರ್ಷ ತಡವಾಯಿತು!

ಇಂದು ಬೆರಳಿನ ಕೆಲಸವನ್ನು ಚಿತ್ರವು ಮಾಡುತ್ತದೆ. ಪ್ರತಿಯೊಂದು ಗಾಯದ ಬಾಯಿಗೂ ಲೋಹದ ಚಿಕ್ಕ ಗುರುತು ಅಂಟಿಸಿ ಕ್ಷ-ಕಿರಣದ ಚಿತ್ರ ತೆಗೆಯುವರು. ಗಾಯಗಳ ಸಂಖ್ಯೆಯನ್ನೂ ಒಳಗಿರುವ ಗುಂಡುಗಳ ಸಂಖ್ಯೆಯನ್ನೂ ಕೂಡಿಸಿದರೆ ಸಮಸಂಖ್ಯೆ ಬರಬೇಕು; ಬೆಸ ಬಂದರೆ ಒಂದು ಗುಂಡೋ ಒಂದು ಗಾಯವೋ ಕಣ್ತಪ್ಪಿದೆ ಎಂದರ್ಥ. ಸಿ.ಟಿ. ಸ್ಕ್ಯಾನ್ ಗುಂಡಿನ ಹಾದಿಯನ್ನೇ ತೋರಿಸುತ್ತದೆ. ಆದರೆ ರಕ್ತ ಸೋರಿ ನಾಡಿ ಕುಸಿಯುತ್ತಿರುವವನನ್ನು ಆ ಯಂತ್ರಕ್ಕೆ ಒಯ್ಯುವುದು ಅಪಾಯ. ಅವನಿಗೆ ಬೇಕಾದುದು ಶಸ್ತ್ರಕ್ರಿಯೆ. ಎಂ.ಆರ್.ಐ. ಯಂತ್ರದ ಮಾತೇ ಬೇರೆ. ಸೀಸ, ತಾಮ್ರ ಅಯಸ್ಕಾಂತಕ್ಕೆ ಒಲಿಯವು. ಉಕ್ಕು ಬೆರೆತ ಗುಂಡು ಒಳಗೇ ಸರಿದೀತು. ಯಾವ ಲೋಹವೆಂದು ತಿಳಿಯದೆ ಅಲ್ಲಿ ಮಲಗಿಸಲಾಗದು.

ಮಾಂಸದಲ್ಲಿ ಹುದುಗಿದ ಗುಂಡನ್ನು ಅನೇಕ ವೇಳೆ ಹಾಗೆಯೇ ಬಿಡುವರು. ಇದು ವೈದ್ಯರ ಸೋಮಾರಿತನವಲ್ಲ. ಕೀಲಿನಲ್ಲಿದ್ದರೆ ಮಾತ್ರ ಸೀಸವು ಕರಗಿ ವಿಷವೇರುವ ಭಯವಿರುವುದರಿಂದ ತೆಗೆಯಲೇಬೇಕಾಗುತ್ತದೆ.

ಹುಕ್ಕೇರಿಯಿಂದ ಬೆಳಗಾವಿಯ ದೊಡ್ಡ ಆಸ್ಪತ್ರೆಗಳಿಗೆ ಸುಮಾರು 50 ಕಿಲೋಮೀಟರು. ಈ ದಾರಿಯೇ ನಮ್ಮ ಚಿಂತೆ. ಗಾಯದ ಮೇಲೆ ಶುಭ್ರವಾದ ಬಟ್ಟೆಯನ್ನಿಟ್ಟು ಬಲವಾಗಿ ಒತ್ತಿ ಹಿಡಿದಿರಬೇಕು. ಕಡ್ಡಿಯನ್ನಾಗಲಿ ಬೆರಳನ್ನಾಗಲಿ ಒಳಗಿಡಬಾರದು. ರಕ್ತದ ಅಂಗಿಯನ್ನು ಒಗೆಯದೆ ಪೋಲೀಸರಿಗೊಪ್ಪಿಸಬೇಕು. "ಮೊದಲು ಠಾಣೆಯ ಕಾಗದ ತನ್ನಿ" ಎಂದು ಯಾರಾದರೂ ಬಾಗಿಲಲ್ಲಿ ತಡೆದರೆ ಸುಪ್ರೀಂ ಕೋರ್ಟು 1989ರಲ್ಲಿ ಪರಮಾನಂದ ಕಟಾರಾ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪನ್ನು ನೆನಪಿಸಿರಿ: ಸರಕಾರಿಯಾಗಲಿ ಖಾಸಗಿಯಾಗಲಿ, ವೈದ್ಯನು ಮೊದಲು ಪ್ರಾಣವುಳಿಸತಕ್ಕದ್ದು, ಕಾಗದಪತ್ರ ಆಮೇಲೆ. ತಾಲೂಕಿನ ವೈದ್ಯರು ರಕ್ತ ತಡೆದು, ರೋಗಿಯು ಹೊರಡುವಾಗಲೇ ಬೆಳಗಾವಿಗೆ ಫೋನು ಮಾಡಿದರೆ ಅಲ್ಲಿ ಯಂತ್ರವೂ ಶಸ್ತ್ರವೈದ್ಯರೂ ಸಿದ್ಧರಿರುವರು. ಇದಕ್ಕೆ ಸರಕಾರದ ಹೊಸ ಹಣ ಬೇಕಿಲ್ಲ; ಒಂದು ಕರೆ ಸಾಕು.