ಬೆನ್ನುಚೀಲದಲ್ಲಿ ದೇವರ ಪಾಲು

ಯುಗಾದಿಗೆ ಎರಡು ಮೂರು ವಾರಗಳಿರುವಾಗ ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಕಡೆಯ ಹಳ್ಳಿಗಳಿಂದ ಹೊರಟು, ರಾಯಚೂರು ಕರ್ನೂಲುಗಳ ಬಯಲನ್ನು ಹಾದು, ನಲ್ಲಮಲೆಯ ಅಡವಿಯನ್ನು ಹೊಕ್ಕು ಶ್ರೀಶೈಲವನ್ನು ಸೇರುವ ಪಾದಯಾತ್ರಿಗಳ ಸಾಲನ್ನು ಹೆದ್ದಾರಿಯ ಅಂಚಿನಲ್ಲಿ ನಿಂತು ನೋಡುವವನು ಅವರ ಮುಖಗಳನ್ನು ನೋಡುತ್ತಾನೆ, ಬೊಬ್ಬೆಯೆದ್ದ ಪಾದಗಳನ್ನು ನೋಡುತ್ತಾನೆ, ಮರಗಾಲು ಕಟ್ಟಿಕೊಂಡು ನಡೆಯುವ ಸಾಹಸಿಗಳನ್ನೂ ಹೆಗಲ ಮೇಲೆ ಮಲ್ಲಯ್ಯನ ಕಂಬಿಯನ್ನು ಹೊತ್ತವರನ್ನೂ ಕಂಡು ಕೈಮುಗಿಯುತ್ತಾನೆ. ಆದರೆ ಆ ಜನಪ್ರವಾಹದ ಬೆನ್ನುಗಳ ಕಡೆಗೆ ದೃಷ್ಟಿ ಹರಿಸುವವರು ವಿರಳ. ನನಗಾದರೋ ಬಾಲ್ಯದಿಂದಲೂ ಅವರ ಚೀಲಗಳ ಮೇಲೆಯೇ ಕಣ್ಣು. ರಸಗೊಬ್ಬರದ ಚೀಲವನ್ನು ತೊಳೆದು, ಹಳೆಯ ಪಂಚೆಯ ಅಂಚನ್ನು ಹರಿದು ಪಟ್ಟಿಗಳನ್ನು ಹೊಲಿಸಿಕೊಂಡ ರೈತನ ಚೀಲ, ಮೊಮ್ಮಗನು ಬಿಟ್ಟುಕೊಟ್ಟ, ಚಿತ್ರಗಳು ಮಾಸಿದ ಶಾಲೆಯ ಚೀಲ, ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಗನು ತಂದುಕೊಟ್ಟ ಹತ್ತೆಂಟು ಜಿಪ್ಪುಗಳ ಹೊಸ ಬೆನ್ನುಚೀಲ, ಇವುಗಳ ನಡುವೆ ಎಲ್ಲಿಯೋ ಒಬ್ಬ ಮುದುಕನ ಹೆಗಲ ಮೇಲೆ ನಡುವೆ ಬಾಯಿಯಿದ್ದು ಹಿಂದಕ್ಕೂ ಮುಂದಕ್ಕೂ ಜೋತಾಡುವ ಹಳೆಯ ಹಸುಬೆ. ಅವುಗಳಲ್ಲಿ ಯಾವುದೂ ಕೊಂಡು ತಂದಂತೆ ಇರುವುದಿಲ್ಲ. ನಡೆಯುವವನು ಒಂದಲ್ಲ ಒಂದು ರೀತಿಯಲ್ಲಿ ಅದನ್ನು ಬಿಚ್ಚಿ, ಕತ್ತರಿಸಿ, ತೇಪೆ ಹಾಕಿ, ತನ್ನ ಮೈಗೂ ತನ್ನ ಹರಕೆಗೂ ಹೊಂದಿಸಿಕೊಂಡಿರುತ್ತಾನೆ.

ನಾನೂ ಹಾಗೆಯೇ ಮಾಡಿದೆನು. ನಮ್ಮೂರಿನಿಂದ ಶ್ರೀಶೈಲಕ್ಕೆ 400 ಕಿಲೋಮೀಟರಿನ ಆಸುಪಾಸು. ಯೌವನವು ಕಳೆದ ಮೇಲೆ ಈ ದೂರವನ್ನು ಸಂಕಲ್ಪಿಸುವವನು ಭಕ್ತಿಯ ಜೊತೆಗೆ ಒಂದಿಷ್ಟು ಶಾರೀರಶಾಸ್ತ್ರವನ್ನೂ ಅಭ್ಯಸಿಸುವುದು ಲೇಸು. ಬೆನ್ನುಚೀಲವೆಂಬ ಹೆಸರೇ ಒಂದು ಭ್ರಾಂತಿ, ಏಕೆಂದರೆ ಚೆನ್ನಾಗಿ ಹೊಂದಿಸಿದ ಚೀಲದ ಭಾರದಲ್ಲಿ ಬಹುಪಾಲನ್ನು ಹೊರುವುದು ಬೆನ್ನೂ ಅಲ್ಲ, ಹೆಗಲೂ ಅಲ್ಲ, ಸೊಂಟ. ತಲೆಯನ್ನು ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬಿ ಕಾಣುವ ಎಲುಬಿನಿಂದ ಹಿಡಿದು, ಎರಡು ಕೈಗಳನ್ನು ನಡುವಿನ ಮೇಲಿಟ್ಟಾಗ ಹೆಬ್ಬೆರಳುಗಳು ತಾಗುವ ರೇಖೆಯವರೆಗಿನ ಅಳತೆಯೇ ಚೀಲಕ್ಕೆ ಬೇಕಾದ ಅಳತೆ. ಮನುಷ್ಯನ ಎತ್ತರಕ್ಕೂ ಇದಕ್ಕೂ ಅನೇಕ ವೇಳೆ ಸಂಬಂಧವಿರುವುದಿಲ್ಲ. ಸೊಂಟದ ಪಟ್ಟಿಯು ಈ ರೇಖೆಯ ಎಲುಬುಗಳನ್ನು ಅಪ್ಪಿ ಕುಳಿತರೆ ಭಾರವು ನೇರವಾಗಿ ಕಾಲಿಗೆ ಇಳಿಯುತ್ತದೆ, ಒಂದು ಗೇಣು ಮೇಲೆ ಹೋದರೆ ಹೊಟ್ಟೆಯನ್ನು ಅಮುಕುತ್ತದೆ, ಕೆಳಗಿಳಿದರೆ ಹೆಜ್ಜೆಯನ್ನು ತಡೆಯುತ್ತದೆ. ಅಂಗಡಿಯವನಿಗೆ ಇದೊಂದೂ ತಿಳಿಯದು. ಆತನು ಬಣ್ಣಗಳನ್ನು ತೋರಿಸಿದನು, ನಾನು 35 ಲೀಟರಿನದೊಂದನ್ನು ತಂದೆನು, ನಮ್ಮ ಓಣಿಯ ದರ್ಜಿಯು ಅದರ ಸೊಂಟದ ಪಟ್ಟಿಯನ್ನು ಬಿಚ್ಚಿ ನಾಲ್ಕು ಬೆರಳು ಕೆಳಗೆ ಹೊಲಿದುಕೊಟ್ಟನು.

ದರ್ಜಿಯಿಂದ ನಾನು ಕಲಿತದ್ದು ಬಹಳ. ಹತ್ತಿಯ ದಾರವು ಬೆವರಿಗೆ ಕೊಳೆಯುತ್ತದೆಂದೂ, ಭಾರ ಬೀಳುವ ಸ್ಥಳದಲ್ಲಿ ನೈಲಾನಿನ ದಾರದಿಂದ ಹಿಂದಕ್ಕೂ ಮುಂದಕ್ಕೂ ಒತ್ತೊತ್ತಾಗಿ ಹೊಲಿಯಬೇಕೆಂದೂ ಆತನೇ ಹೇಳಿದನು. ಉದ್ದವಾಗಿ ಜೋತಾಡುವ ಪಟ್ಟಿಗಳ ತುದಿಗಳನ್ನು ಕತ್ತರಿಸಿದ ಒಡನೆಯೇ ದೀಪದ ಉರಿಗೆ ಹಿಡಿದು ಕರಗಿಸದಿದ್ದರೆ ಎಳೆಗಳು ಬಿಚ್ಚಿಕೊಳ್ಳುತ್ತವೆಂಬುದನ್ನು ಮಾತ್ರ ಪಟ್ಟಿಯೊಂದನ್ನು ಕೆಡಿಸಿ ಕಲಿತೆನು. ಎದೆಯ ಮೇಲಿನ ಪ್ಲಾಸ್ಟಿಕ್ ಬಿಲ್ಲೆಯು ಮೊದಲನೆಯ ಯಾತ್ರೆಯಲ್ಲಿ, ರಾಯಚೂರನ್ನು ಇನ್ನೂ ಮುಟ್ಟುವ ಮೊದಲೇ ಮುರಿಯಿತು. ದನ ಕಟ್ಟಿ ಪಳಗಿದ ಸಹಯಾತ್ರಿಯೊಬ್ಬನು ಅದರ ಸ್ಥಾನದಲ್ಲಿ ಜೀರುಗುಣಿಕೆಯೊಂದನ್ನು ಹಾಕಿಕೊಟ್ಟನು, ಅದು ಇಂದಿಗೂ ಇದೆ.

ಹೆಗಲ ಪಟ್ಟಿಗಳದ್ದು ಬೇರೊಂದು ಕಥೆ. ನೂರು ಕಿಲೋಮೀಟರು ನಡೆದ ಮೇಲೆ ಪಟ್ಟಿಯ ಒಳಗಿನ ಸ್ಪಂಜು ಚಪ್ಪಟೆಯಾಗಿ, ಅಂಚುಗಳು ಚರ್ಮವನ್ನು ಕೊರೆಯತೊಡಗುತ್ತವೆ. ನಮ್ಮ ಮನೆಯಲ್ಲಿ ಅಜ್ಜಿಯು ಹೊಲಿದ, ಈಗ ಹರಿದು ಮೂಲೆ ಸೇರಿದ ಕೌದಿಯೊಂದಿತ್ತು; ಅದರಿಂದ ಎರಡು ಅಂಗೈ ಅಗಲದ ಪಟ್ಟಿಗಳನ್ನು ಕತ್ತರಿಸಿ ಹೊದಿಸೋಣವೆಂದಾಗ ಹೆಂಡತಿಯು ಒಂದು ದಿನ ಮಾತನಾಡಲಿಲ್ಲ, ಎರಡನೆಯ ದಿನ ತಾನೇ ಸೂಜಿ ಹಿಡಿದು ಕುಳಿತಳು. ಆಕೆಯು ಅಂಚಿಗೆ ಹಾಕಿದ್ದು ಕಸೂತಿಯ ಗವಂತಿ ಹೊಲಿಗೆ. ಈ ಹೊಲಿಗೆಯ ಮರ್ಮವೆಂದರೆ, ಸೂಜಿಯು ಒಂದು ಸಲ ಎಳೆ ಬಿಟ್ಟು ಎಳೆ ಹಿಡಿದು ಹೋಗಿ, ಹಿಂದಿರುಗುವಾಗ ಬಿಟ್ಟ ಸ್ಥಳಗಳನ್ನೆಲ್ಲ ತುಂಬಿಕೊಂಡು ಬರುವುದರಿಂದ, ಬಟ್ಟೆಯ ಎರಡು ಮುಖಗಳೂ ಒಂದೇ ರೂಪದಲ್ಲಿ ಕಾಣುತ್ತವೆ ಮತ್ತು ಎಲ್ಲಿಯೂ ಗಂಟು ಇರುವುದಿಲ್ಲ. ಸೀರೆಯ ಸೆರಗಿನಲ್ಲಿ ಇದು ಸೌಂದರ್ಯವೆನಿಸಬಹುದು. ಬೆವೆತ ಹೆಗಲಿನ ಮೇಲೆ, ಮಾರ್ಚಿನ ಬಿಸಿಲಿನಲ್ಲಿ, ಗಂಟಿಲ್ಲದ ಹೊಲಿಗೆಯೆಂಬುದು ಸೌಂದರ್ಯಕ್ಕಿಂತ ದೊಡ್ಡದಾದ ಒಂದು ಉಪಕಾರ. ಧಾರವಾಡದ ಸೀಮೆಯ ಹೆಂಗಸರು ಇದನ್ನು ರೂಢಿಸುವಾಗ ಪಾದಯಾತ್ರಿಯ ಹೆಗಲನ್ನು ನೆನೆದಿದ್ದರೆಂದು ನಾನು ವಾದಿಸುವುದಿಲ್ಲ, ಆದರೂ ಆ ದಾರಿಯಲ್ಲಿ ಅನೇಕ ಸಲ ಅವರನ್ನು ಸ್ಮರಿಸಿದ್ದೇನೆ.

ಚೀಲದ ಹೊರಮೈಯಲ್ಲಿ ಗುಳೇದಗುಡ್ಡದ ಖಣದ ತುಂಡೊಂದನ್ನು ಹೊಲಿಸಿದ್ದು ಅಲಂಕಾರಕ್ಕಲ್ಲ. ದಾಸೋಹದ ಪೆಂಡಾಲಿನ ಮೂಲೆಯಲ್ಲಿ ರಾಶಿ ಬಿದ್ದ ಕಪ್ಪು ಚೀಲಗಳ ನಡುವೆ ನಡುರಾತ್ರಿಯಲ್ಲಿ ತನ್ನದನ್ನು ಗುರುತಿಸಬೇಕಾದವನಿಗೆ ಅದರ ಪ್ರಯೋಜನವು ತಿಳಿದೀತು. ಬಿಸಿಲನ್ನು ತಪ್ಪಿಸಲು ನಸುಕಿನಲ್ಲಿಯೂ ಇರುಳಿನಲ್ಲಿಯೂ ನಡೆಯುವವರೇ ಹೆಚ್ಚಾದುದರಿಂದ ಖಣದ ಕೆಳಗೆ ಬೆಳಕಿಗೆ ಹೊಳೆಯುವ ಪಟ್ಟಿಯೊಂದನ್ನು ಅಂಟಿಸುವುದು ಅಗತ್ಯ. ಲಾರಿಯ ಚಾಲಕನಿಗೆ ನಮ್ಮ ಭಕ್ತಿಯು ಕಾಣದು, ಹೊಳಪು ಕಂಡೀತು.

ಇನ್ನು ತೂಕದ ಮಾತು. ಸ್ಪೇನಿನ ಸಾಂತಿಯಾಗೊ ದೇವಾಲಯಕ್ಕೆ ನಡೆಯುವವರಲ್ಲಿ, ಮೈತೂಕದ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಹೊರಬಾರದೆಂಬ ನಿಯಮವೊಂದು ರೂಢಿಯಲ್ಲಿದೆ. ನನ್ನ ತೂಕ 62 ಕಿಲೋ. ಬರಿಯ ಚೀಲವೇ 1,200 ಗ್ರಾಮು, ಎರಡು ಲೀಟರು ನೀರೆಂದರೆ ಎರಡು ಕಿಲೋ; ಅಲ್ಲಿಗೆ ಅರ್ಧ ಆಯವ್ಯಯವು ಮುಗಿಯಿತು. ಉಳಿದ ಮೂರು ಕಿಲೋದಲ್ಲಿ ಬಟ್ಟೆ, ಹಾಸಿಗೆ, ಔಷಧ, ಎರಡು ದಿನಕ್ಕಾಗುವಷ್ಟು ಕಟಕಲು ಸಜ್ಜೆರೊಟ್ಟಿ ಮತ್ತು ಶೇಂಗಾ ಚಟ್ನಿ. ದಾರಿಯುದ್ದಕ್ಕೂ ಅನ್ನ ನೀಡುವವರಿರುವಾಗ ರೊಟ್ಟಿಯಾದರೂ ಏತಕ್ಕೆ ಎಂದು ಕೇಳುವವರಿದ್ದಾರೆ. ಅವರು ನನ್ನ ತಾಯಿಯನ್ನು ಕಂಡವರಲ್ಲ. ಭಾರವಾದುದನ್ನು ಬೆನ್ನೆಲುಬಿಗೆ ಒತ್ತಿ, ಹಗುರವಾದುದನ್ನು ಕೆಳಗೂ ಹೊರಗೂ ಇಟ್ಟು, ಬೆನ್ನಿನ ಬೆವರಿಗೆ ಹೊರಗಿನ ಮಳೆಗವಸು ಅಡ್ಡಿಯಾಗದೆಂದು ಎಲ್ಲವನ್ನೂ ದಪ್ಪನೆಯ ಪ್ಲಾಸ್ಟಿಕ್ ಹಾಳೆಯೊಳಗೆ ಸುತ್ತಿ, ತಕ್ಕಡಿಗೆ ತೂಗುಹಾಕಿದಾಗ ಮುಳ್ಳು 6 ಕಿಲೋದಲ್ಲಿ ನಿಂತಿತು. ಅಂದು ನನಗಾದ ಹೆಮ್ಮೆಯನ್ನು ಈಗ ನೆನೆದರೆ ನಗು ಬರುತ್ತದೆ.

ಹೊರಡುವ ಹಿಂದಿನ ಸಂಜೆ ಓಣಿಯು ಬಂದಿತು. ಮೊದಲು ಹೆಂಡತಿಯು ಇಳಕಲ್ ಸೀರೆಯೊಂದನ್ನು ತಂದಿಟ್ಟಳು. ನಮ್ಮ ಕಡೆಯವರಿಗೆ ಶ್ರೀಶೈಲದ ಭ್ರಮರಾಂಬೆಯು ಕೇವಲ ದೇವಿಯಲ್ಲ, ಕನ್ನಡನಾಡಿನಿಂದ ಕೊಟ್ಟ ಮನೆಮಗಳು, ಮಲ್ಲಯ್ಯನು ಅಳಿಯ. ಯುಗಾದಿಗೆ ಮಗಳ ಮನೆಗೆ ಹೋಗುವವನು ಬರಿಗೈಯಲ್ಲಿ ಹೋದಾನೆ? ಅನಂತರ ಪಕ್ಕದ ಮನೆಯ ಮುದುಕಿ, ಮೊಣಕಾಲು ಹಿಡಿದು ಮೂರು ವರ್ಷಗಳಿಂದ ಹೊಸ್ತಿಲು ದಾಟದವಳು, ಮೊಮ್ಮಗಳ ಕೈಯಲ್ಲಿ ಒಂದು ತೆಂಗಿನಕಾಯಿಯನ್ನೂ ಒಂದು ಡಜನ್ ಹಸಿರು ಬಳೆಗಳನ್ನೂ ಕಳುಹಿಸಿದಳು. ಹಿಟ್ಟಿನ ಗಿರಣಿಯವನು ಒಂದು ಕಾಯಿ. ಇನ್ನಾರದೋ ಉಡಿಯಕ್ಕಿ, ಅರಿಸಿನ ಕುಂಕುಮ, ಹರಕೆಯ ನಾಣ್ಯಗಳ ಗಂಟು. ಕಾಯಿಯೊಂದಕ್ಕೆ ಅರ್ಧ ಕಿಲೋವೆಂದರೂ ಸಾಂತಿಯಾಗೊದ ನಿಯಮವು ಅಂದೇ ರಾತ್ರಿ ನುಚ್ಚುನೂರಾಯಿತು.

ಆ ರಾತ್ರಿಯೇ ನಾನು ದರ್ಜಿಯನ್ನು ಎಬ್ಬಿಸಿ ಚೀಲದೊಳಗೆ, ಬೆನ್ನಿಗೆ ತಾಗುವ ಮಗ್ಗುಲಲ್ಲಿ, ಪ್ರತ್ಯೇಕವಾದ ಒಂದು ಅರೆಯನ್ನು ಹೊಲಿಸಿದೆನು. ಕಾಯಿಗಳು ಭಾರವಾದುದರಿಂದ ಶಾಸ್ತ್ರದಂತೆಯೂ ಅವುಗಳ ಸ್ಥಾನವು ಅದೇ. ಬಳೆಗಳನ್ನು ಸೀರೆಯ ಮಡಿಕೆಯೊಳಗೆ ಸುತ್ತಿ, ಮಡಿಯನ್ನು ಕಾಯ್ದುಕೊಳ್ಳಲು ಸೀರೆಯನ್ನು ನನ್ನ ಉಟ್ಟ ಬಟ್ಟೆಗಳ ಸೋಂಕಿಲ್ಲದಂತೆ ಮೇಲಿಟ್ಟೆನು. ಆಮೇಲೆ ಯೋಚಿಸುತ್ತ ಮಲಗಿದಾಗ ನನಗೆ ಹೊಳೆದದ್ದು, ನಾನು ಹೊಸದೇನನ್ನೂ ನಿರ್ಮಿಸಲಿಲ್ಲವೆಂಬುದು. ಶಬರಿಮಲೆಗೆ ಹೋಗುವವರ ಇರುಮುಡಿಯಲ್ಲಿಯೂ ಎರಡೇ ಭಾಗಗಳು: ಮುಂದಿನದರಲ್ಲಿ ತುಪ್ಪ ತುಂಬಿದ ತೆಂಗಿನಕಾಯಿ ಮೊದಲಾದ ಅಯ್ಯಪ್ಪನ ಸಾಮಗ್ರಿ, ಹಿಂದಿನದರಲ್ಲಿ ತನ್ನ ದಾರಿಯ ಬುತ್ತಿ. ರಾಘವಾಂಕನ ‘ಸಿದ್ಧರಾಮ ಚಾರಿತ್ರ’ದಲ್ಲಿ ನವಣೆಯ ಹೊಲವನ್ನು ಕಾಯುತ್ತಿದ್ದ ಬಾಲಕನು, ಹಸಿದು ಬಂದ ಜಂಗಮ ಮಲ್ಲಯ್ಯನಿಗಾಗಿ ಮನೆಗೋಡಿ ಮಜ್ಜಿಗೆಯನ್ನ ತಂದು, ಅಷ್ಟರಲ್ಲಿ ಆತನು ಕಾಣದೆ, ಅಳುತ್ತ ಯಾತ್ರಿಕರ ಜೊತೆಗೂಡಿ ಶ್ರೀಶೈಲದ ದಾರಿ ಹಿಡಿಯುತ್ತಾನಲ್ಲವೆ? ನಮ್ಮ ಈ ದಾರಿಯ ಸ್ಮೃತಿಯಲ್ಲಿ ಮೊಟ್ಟಮೊದಲಿಗೆ ಸಿದ್ಧವಾದ ಬುತ್ತಿಯು ನಡೆಯುವವನ ಹೊಟ್ಟೆಗಾಗಿ ಕಟ್ಟಿದ್ದಲ್ಲ.

ಅಕ್ಕಮಹಾದೇವಿಯೂ ಸಿದ್ಧರಾಮನೂ ಬಾಳಿದ ಅದೇ 12ನೆಯ ಶತಮಾನದಲ್ಲಿ, ಸಾಂತಿಯಾಗೊದಲ್ಲಿ ಇಂದಿಗೂ ರಕ್ಷಿತವಾಗಿರುವ ಕಾಲಿಕ್ಸ್ಟಿನಸ್ ಗ್ರಂಥದ ಉಪದೇಶವೊಂದು ಯಾತ್ರಿಕನ ಚೀಲಕ್ಕೆ ಮೂರು ಲಕ್ಷಣಗಳನ್ನು ವಿಧಿಸಿತು: ಅದು ಕಿರಿದಾಗಿರಬೇಕು, ಸತ್ತ ಪ್ರಾಣಿಯ ಚರ್ಮದಿಂದಾಗಿರಬೇಕು, ಅದರ ಬಾಯಿಯನ್ನು ಎಂದೂ ಕಟ್ಟಿರಬಾರದು. ಕಿರಿದಾದುದು ದೇವರ ಮೇಲಣ ನಂಬಿಕೆಗೆ, ಚರ್ಮವು ದೇಹದಂಡನೆಗೆ, ತೆರೆದ ಬಾಯಿಯು ಬಡವನಿಗೆ ಕೊಡುವುದಕ್ಕೆ. ಜಪಾನಿನ ಶಿಕೊಕು ದ್ವೀಪದಲ್ಲಿ 88 ದೇವಾಲಯಗಳನ್ನು ಸುತ್ತಿ, ಸುಮಾರು 1,200 ಕಿಲೋಮೀಟರು ನಡೆಯುವ ಯಾತ್ರಿಕರು ಹೆಗಲಿಗೆ ತೂಗುಹಾಕುವ ಬಿಳಿಯ ಚೀಲದ ಮೇಲೆ, ಇಬ್ಬರು ಜೊತೆಯಾಗಿ ನಡೆಯುತ್ತಿದ್ದೇವೆಂಬ ಅರ್ಥದ ಅಕ್ಷರಗಳಿರುತ್ತವೆ. ಒಬ್ಬನು ಯಾತ್ರಿಕ, ಮತ್ತೊಬ್ಬನು ಒಂಬತ್ತನೆಯ ಶತಮಾನದಲ್ಲಿ ಕಣ್ಮರೆಯಾದ ಗುರು ಕೂಕಾಯಿ. ಹತ್ತು ಜಿಪ್ಪುಗಳ ಚೀಲವನ್ನು ರೂಪಿಸುವ ಇಂದಿನ ಚತುರರು ನೀರಿಗೊಂದು, ಚೀಟಿಗೊಂದು, ಮೊಬೈಲಿಗೊಂದು ಅರೆಯನ್ನಿಟ್ಟು, ಇನ್ನೊಬ್ಬನಿಗೆ ಮಾತ್ರ ಒಂದನ್ನೂ ಇಡದಿರುವುದು ನನಗೆ ಅವರ ಕೌಶಲದ ಲೋಪವೆಂದೇ ತೋರುತ್ತದೆ.

ಆತ್ಮಕೂರನ್ನು ದಾಟಿ ವೆಂಕಟಾಪುರದಿಂದ ಅಡವಿಯನ್ನು ಹೊಕ್ಕ ಮೇಲೆ, ನಾಗಲೂಟಿಯ ವೀರಭದ್ರನಿಗೆ ಕೈಮುಗಿದು ಏರುವ ಮೆಟ್ಟಿಲುಗಳಲ್ಲಿ, ಚೀಲದ ಎಲ್ಲ ಗುಣದೋಷಗಳೂ ಒಮ್ಮೆಗೇ ಬಯಲಾಗುತ್ತವೆ. ರೆಡ್ಡಿ ಅರಸನಾದ ಪ್ರೋಲಯ ವೇಮನು 14ನೆಯ ಶತಮಾನದಲ್ಲಿ ಶ್ರೀಶೈಲದ ಯಾತ್ರಿಕರಿಗಾಗಿ ಸೋಪಾನಗಳನ್ನು ಕಟ್ಟಿಸಿದನೆಂಬುದು ಪ್ರಸಿದ್ಧ. ಏರುವಾಗ ಮನಸ್ಸು ಆತನನ್ನು ಹರಸುತ್ತದೆ, ಮಂಡಿಗಳಿಗೆ ಅಷ್ಟು ನಿಶ್ಚಯವಿರುವುದಿಲ್ಲ. ಏರಿನಲ್ಲಿ ಹೆಗಲ ಪಟ್ಟಿಯನ್ನು ಸಡಿಲಿಸಿ ಸೊಂಟದ್ದನ್ನು ಬಿಗಿಯಬೇಕು. ಪೆಚ್ಚೆರುವಿನಲ್ಲಿ ಚೀಲವನ್ನು ಇಳಿಸಿದಾಗ ಕಾಯಿಗಳು ಒತ್ತಿದ ಸ್ಥಳದಲ್ಲಿ ಬೆನ್ನು ಕೆಂಪಾಗಿತ್ತು. ಭೀಮನ ಕೊಳದ ಕಣಿವೆಯನ್ನು ಇಳಿದು ಹತ್ತಿ ಕೈಲಾಸದ್ವಾರವನ್ನು ಮುಟ್ಟುವಷ್ಟರಲ್ಲಿ ನನ್ನ ಬಟ್ಟೆ, ರೊಟ್ಟಿ, ನೀರು, ಎಲ್ಲವೂ ಕರಗಿ, ಚೀಲದಲ್ಲಿ ತೂಕವೆಂಬುದು ಉಳಿದಿದ್ದರೆ ಅದು ಆ ಒಂದು ಅರೆಯದೇ.

ಹನ್ನೆರಡು ಬಳೆಗಳಲ್ಲಿ ಒಂದು ಒಡೆದಿತ್ತು. ಮುದುಕಿಗೆ ಹೇಳಬೇಕೋ ಬೇಡವೋ ಎಂದು ಬಸ್ಸಿನಲ್ಲಿ ಊರಿಗೆ ಬರುವವರೆಗೂ ಚಿಂತಿಸಿ, ಕಡೆಗೆ ಹೇಳಿಯೇಬಿಟ್ಟೆನು. ಆಕೆಯು, ದಾರಿಯಲ್ಲಿಯೇ ಯಾರೋ ಒಂದನ್ನು ತೊಟ್ಟುಕೊಂಡಿರಬೇಕೆಂದು ನಕ್ಕಳು.

ಈ ವರ್ಷ ನೀರಿನ ಕೊಳವೆಗೆ ಎಡೆ ಮಾಡಲು ಆ ಅರೆಯನ್ನು ಬಿಚ್ಚಬಹುದೆ ಎಂದು ವಿಚಾರಿಸಲು ಚೀಲವನ್ನು ದರ್ಜಿಯಲ್ಲಿ ಬಿಟ್ಟು ಬಂದಿದ್ದೆನು. ನಿನ್ನೆ ಮರಳಿ ತಂದಾಗ ಅರೆಯು ಹಾಗೆಯೇ ಇತ್ತು, ಎರಡು ಬೆರಳು ದೊಡ್ಡದಾಗಿತ್ತು, ಒಳಗೆ ಆತನದೊಂದು ಕಾಯಿಯೂ ಇತ್ತು.