ನಾಟಕದ ಮೇಷ್ಟ್ರಿಗೊಂದು ಪೀರಿಯಡ್

ಸಿಕಂದರಾಬಾದಿಗೆ ಅಂಟಿಕೊಂಡಿರುವ ಮಲ್ಕಾಜ್‌ಗಿರಿಯಲ್ಲಿ ನೆಲೆಸಿದ ಕನ್ನಡದ ಮನೆಯ ಮಗು ದಿನಕ್ಕೆ ಎಷ್ಟು ಭಾಷೆಗಳಲ್ಲಿ ಬಾಯಿ ತೆರೆಯಬೇಕಾಗುತ್ತದೆ ಎಂದು ಲೆಕ್ಕ ಹಾಕಿದರೆ ಅಚ್ಚರಿಯಾಗುತ್ತದೆ. ಅಡುಗೆಮನೆಯಲ್ಲಿ ಕನ್ನಡ, ಮೆಟ್ಟಿಲಿಳಿದರೆ ಪಕ್ಕದ ಮನೆಯವರೊಂದಿಗೆ ತೆಲುಗು, ಆಟೋದವನ ಹತ್ತಿರ ದಖ್ಖನಿ, ತರಗತಿಯೊಳಗೆ ಇಂಗ್ಲಿಷು. 2018ರ ಕಾಯ್ದೆಯ ನಂತರ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಡ್ಡಾಯ ಪಾಠವೂ ಹೌದು. ಇಷ್ಟು ಭಾಷೆಗಳ ನಡುವೆ ಬೆಳೆಯುವ ಮಗುವನ್ನು ಎದ್ದು ನಿಲ್ಲಿಸಿ ನಾಲ್ಕು ಮಾತಾಡು ಎಂದರೆ ಅದು ತಲೆ ತಗ್ಗಿಸಿ ಉಗುರು ಕಡಿಯತೊಡಗುವುದು ಅಪರೂಪವೇನಲ್ಲ. ಅಕ್ಷರ ಕಲಿಸಲು ಒಬ್ಬರಿದ್ದಾರೆ, ವ್ಯಾಕರಣ ಕಲಿಸಲು ಒಬ್ಬರಿದ್ದಾರೆ. ಇನ್ನೊಬ್ಬರ ಕಣ್ಣು ನೋಡಿ ಮಾತಾಡುವುದನ್ನು, ಇನ್ನೊಬ್ಬರ ಮಾತು ಮುಗಿಯುವ ತನಕ ಕಿವಿಗೊಡುವುದನ್ನು ಕಲಿಸುವ ಹೊಣೆ ಶಾಲೆಯಲ್ಲಿ ಯಾರದು? ಈ ಕೆಲಸಕ್ಕೆಂದೇ ತರಬೇತಾದವರು ನಾಟಕದ ಮೇಷ್ಟ್ರು. ಹೆಚ್ಚಿನ ಶಾಲೆಗಳಲ್ಲಿ ಅವರಿಗೆ ಹುದ್ದೆಯಿಲ್ಲ, ವೇಳಾಪಟ್ಟಿಯಲ್ಲಿ ಜಾಗವೂ ಇಲ್ಲ.

ಇದು ಹೈದರಾಬಾದಿಗೆ ಮಾತ್ರ ಸೇರಿದ ಕೊರತೆಯಲ್ಲ. ಬೆಂಗಳೂರಿನ ಸ್ಕೂಲ್ ಡೇ, ಹುಬ್ಬಳ್ಳಿ ಕಡೆಯ ಗ್ಯಾದರಿಂಗು, ಎಲ್ಲ ಕಡೆಯೂ ನಾಟಕವೆಂದರೆ ವರ್ಷಕ್ಕೊಂದು ಸಂಜೆಯ ಸಡಗರ. ಹದಿನೈದು ದಿನ ಮೊದಲು ಹೊರಗಿನಿಂದ ಒಬ್ಬರನ್ನು ಕರೆಸುತ್ತಾರೆ. ಅವರು ಬಾಯಿ ಚುರುಕಾಗಿರುವ ಹತ್ತು ಮಕ್ಕಳನ್ನು ಆರಿಸಿ, ಪಾರ್ಟು ಬಾಯಿಪಾಠ ಮಾಡಿಸಿ, ಬಣ್ಣ ಹಚ್ಚಿ, ಮೈಕಿನ ಮುಂದೆ ನಿಲ್ಲಿಸುತ್ತಾರೆ. ಅಪ್ಪ ಅಮ್ಮಂದಿರು ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳುತ್ತಾರೆ. ಕೊನೆಗೆ ಮೇಷ್ಟ್ರಿಗೆ ಒಂದು ಶಾಲು, ಒಂದು ಹಾರ. ಆ ಸಂಭ್ರಮ ಬೇಡವೆನ್ನಲಾರೆ. ಆದರೆ ನಾಟಕದ ಮೇಷ್ಟ್ರ ಬೆಲೆಯನ್ನು ಆ ಸಂಜೆಯ ಚಪ್ಪಾಳೆಯಿಂದ ಅಳೆಯುತ್ತಿರುವುದರಿಂದಲೇ ನಮಗೆ ಅವರ ಕೆಲಸ ಕಾಣದೇ ಹೋಗಿದೆ. ಅವರ ಕೆಲಸವೆಲ್ಲ ನಡೆಯುವುದು ತಾಲೀಮಿನಲ್ಲಿ. ಅಲ್ಲಿ ಪ್ರೇಕ್ಷಕರಿರುವುದಿಲ್ಲ.

ತಾಲೀಮಿನ ಒಂದು ಸಣ್ಣ ಪಾಠವನ್ನು ಹತ್ತಿರದಿಂದ ನೋಡೋಣ. ಮೇಷ್ಟ್ರು ಮಕ್ಕಳಿಗೆ ಕೊಡುವುದು 'ಬಂದ್ಯಾ' ಎಂಬ ಒಂದೇ ಮಾತು. ಕತ್ತಲಾದ ಮೇಲೆ ಮನೆಗೆ ಬಂದ ಮಗನಿಗೆ ತಾಯಿ ಇದನ್ನು ಹೇಗೆ ಹೇಳುತ್ತಾಳೆ? ಕೊಟ್ಟ ಸಾಲ ವಸೂಲಿಗೆ ಕಾದು ಕೂತವನು ಹೇಗೆ ಹೇಳುತ್ತಾನೆ? ಜಗಳವಾಡಿ ಮೂರು ದಿನ ಮಾತು ಬಿಟ್ಟ ಗೆಳತಿ ಎದುರಾದಾಗ? ಅಕ್ಷರ ಅವೇ, ಆದರೆ ಮಗು ಈಗ ಆ ತಾಯಿ ಎಷ್ಟು ಹೊತ್ತಿನಿಂದ ಬಾಗಿಲಲ್ಲಿ ನಿಂತಿದ್ದಾಳೆಂದು ಯೋಚಿಸಬೇಕು, ಆ ಸಾಲ ಕೊಟ್ಟವನ ಮುಖ ನೋಡಬೇಕು. ವ್ಯಾಕರಣದ ಪುಸ್ತಕದಲ್ಲಿ ಪ್ರಶ್ನಾರ್ಥಕವೆಂದು ಒಂದೇ ಚಿಹ್ನೆ ಪಡೆಯುವ ಮಾತು ಇಲ್ಲಿ ಸಿಟ್ಟು, ನಿರಾಳ, ಬೇಡಿಕೆ, ರಾಜಿ ಎಲ್ಲವೂ ಆಗುತ್ತದೆ. ಇನ್ನೊಂದು ಆಟ ಕನ್ನಡಿಯದು. ಇಬ್ಬರು ಎದುರುಬದುರು ನಿಲ್ಲುತ್ತಾರೆ. ಒಬ್ಬಳು ನಿಧಾನವಾಗಿ ಕೈಯೆತ್ತಿದರೆ ಇನ್ನೊಬ್ಬಳು ಅವಳ ಬಿಂಬದಂತೆ ಎತ್ತಬೇಕು. ಮುಂದಾಳು ಅವಸರ ಮಾಡಿದರೆ ಆಟ ಮುರಿಯುತ್ತದೆ, ಬಿಂಬದವಳು ಮೈಮರೆತರೂ ಮುರಿಯುತ್ತದೆ. ಪಳಗಿದ ಮೇಷ್ಟ್ರು ತರಗತಿಯಲ್ಲಿ ಯಾವಾಗಲೂ ದನಿಯೇರಿಸುವ ಮಗುವನ್ನು ಇಲ್ಲಿ ಬಿಂಬವಾಗಿ ನಿಲ್ಲಿಸುತ್ತಾರೆ, ಹಿಂದಿನ ಬೆಂಚಿನ ಮೌನಿಯನ್ನು ಮುಂದಾಳಾಗಿಸುತ್ತಾರೆ. ಯಾರನ್ನು ಎಲ್ಲಿ ನಿಲ್ಲಿಸಬೇಕು ಎನ್ನುವ ಈ ತಿಳಿವಳಿಕೆ ಸುಮ್ಮನೆ ಬರುವುದಿಲ್ಲ. ಅದಕ್ಕೆ ಓದು ಬೇಕು, ಅಭ್ಯಾಸ ಬೇಕು, ಮಕ್ಕಳ ನಡುವೆ ವರ್ಷಗಟ್ಟಲೆ ಕಳೆದಿರಬೇಕು.

ಕನ್ನಡ ರಂಗಭೂಮಿಯ ಚರಿತ್ರೆಯೇ ಇಂಥ ಮೇಷ್ಟ್ರ ಬೆಲೆಗೆ ಸಾಕ್ಷಿ ಕೊಡುತ್ತದೆ. ಬಿ.ವಿ. ಕಾರಂತರು ಮೊದಲು ಬಣ್ಣ ಹಚ್ಚಿದ್ದು ಮೂರನೇ ತರಗತಿಯಲ್ಲಿ, ಪಿ.ಕೆ. ನಾರಾಯಣ ಅವರು ಆಡಿಸಿದ ಕುವೆಂಪು ಅವರ 'ನನ್ನ ಗೋಪಾಲ'ದಲ್ಲಿ. ಗುಬ್ಬಿ ಕಂಪನಿ ಸೇರಿದ್ದೆಲ್ಲ ಆಮೇಲಿನ ಮಾತು. ಕಾರಂತರ ಹೆಸರು ಬಲ್ಲವರಲ್ಲಿಯೂ ಈ ಮೇಷ್ಟ್ರ ಹೆಸರು ಬಲ್ಲವರು ಎಷ್ಟು ಜನ? ಇನ್ನೂ ಒಂದು ಸಂಗತಿ ನಮ್ಮ ನೆನಪಿನಿಂದ ಜಾರಿಹೋಗಿದೆ. ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು ಬಂದ ಕಾರಂತರು 1969ರಿಂದ 1972ರವರೆಗೆ ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕದ ಮೇಷ್ಟ್ರಾಗಿದ್ದರು. ಮುಂದೆ ಅದೇ ನಾಟಕ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನ ರಂಗಾಯಣ ಕಟ್ಟಿದರು. ಟ್ಯಾಗೋರರ ಗಿಳಿಯ ಕತೆಯಿಂದ ಅವರು ಮಾಡಿದ 'ಪಂಜರಶಾಲೆ' ಇವತ್ತಿಗೂ ಶಾಲೆಗಳಲ್ಲಿ ಆಡುವ ನಾಟಕ. ಪಂಡಿತರೆಲ್ಲ ಸೇರಿ ಗಿಳಿಗೆ ವಿದ್ಯೆ ಕಲಿಸಲು ಹೊರಟು ಅದರ ಗಂಟಲಿಗೆ ಕಾಗದ ತುರುಕುವ ಆ ಕತೆಯನ್ನು ರಂಗಕ್ಕೆ ತಂದವರು, ತರಗತಿಯಲ್ಲಿ ಮಕ್ಕಳ ಜೊತೆ ದಿನ ಕಳೆದವರು. ಅವರ ಪತ್ನಿ ಪ್ರೇಮಾ ಕಾರಂತರು 1979ರಲ್ಲಿ ಬೆನಕ ಮಕ್ಕಳ ಕೇಂದ್ರ ತೆರೆದರು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1980ರಲ್ಲಿ ಶುರುಮಾಡಿದ ನೀನಾಸಮ್ ರಂಗಶಿಕ್ಷಣ ಕೇಂದ್ರದಲ್ಲಿ ಕಲಿತ ಅನೇಕರು ಶಾಲೆಗಳಲ್ಲಿ ಮಕ್ಕಳಿಗೆ ನಾಟಕ ಆಡಿಸುತ್ತ ಬಂದಿದ್ದಾರೆ. ಮೇಷ್ಟ್ರುಗಳು ನಮ್ಮಲ್ಲಿ ಇದ್ದಾರೆ, ಅವರನ್ನು ತಯಾರು ಮಾಡುವ ಮನೆಗಳೂ ಇವೆ.

ಕಾರಂತರಂಥವರು ಸಾವಿರಕ್ಕೊಬ್ಬರು, ಉಳಿದ ಮಕ್ಕಳಿಗೆ ಇದರಿಂದ ಏನು ಸಿಗುತ್ತದೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಕಲೆಯ ಪರವಾಗಿ ವಾದಿಸುವವರು ಅಳತೆ ಮೀರಿ ಮಾತಾಡುವುದುಂಟು, ಸಂಗೀತ ಕಲಿತರೆ ಗಣಿತ ಬರುತ್ತದೆ ಎಂಬಂತೆ. ಇಂಥ ಮಾತುಗಳನ್ನು ಪರೀಕ್ಷಿಸಲೆಂದೇ ಹಾರ್ವರ್ಡಿನ ಪ್ರಾಜೆಕ್ಟ್ ಝೀರೋ ಸಂಶೋಧನಾ ಕೇಂದ್ರದಲ್ಲಿ ಎಲೆನ್ ವಿನ್ನರ್ ಮತ್ತು ಲೋಯಿಸ್ ಹೆಟ್‌ಲ್ಯಾಂಡ್ ಅದುವರೆಗಿನ ಸಂಶೋಧನೆಗಳನ್ನೆಲ್ಲ ಜರಡಿ ಹಿಡಿದು 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚಿನ ಹೇಳಿಕೆಗಳಿಗೆ ಆಧಾರ ಸಿಗಲಿಲ್ಲ. ಗಟ್ಟಿಯಾಗಿ ಉಳಿದ ಮೂರೇ ಮೂರರಲ್ಲಿ ಒಂದು ತರಗತಿಯ ನಾಟಕದ್ದು. 80 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಆನ್ ಪೊಡ್ಲೋಜ್ನಿಯವರಿಗೆ ಕಂಡದ್ದು, ಕತೆಯನ್ನು ಆಡಿ ಕಲಿತ ಮಕ್ಕಳು ಅದನ್ನು ಚೆನ್ನಾಗಿ ಗ್ರಹಿಸುತ್ತಾರೆ ಎಂಬುದಷ್ಟೇ ಅಲ್ಲ, ಎಂದೂ ಆಡದ ಹೊಸ ಕತೆಯನ್ನೂ ಚೆನ್ನಾಗಿ ಗ್ರಹಿಸುತ್ತಾರೆ ಎಂಬುದು. ಕೆನಡಾದ ಗ್ಲೆನ್ ಶೆಲೆನ್‌ಬರ್ಗ್ ಆರು ವರ್ಷದ 144 ಮಕ್ಕಳ ಮೇಲೆ ನಡೆಸಿ 2004ರಲ್ಲಿ ಪ್ರಕಟಿಸಿದ ಪ್ರಯೋಗದ ವಿಷಯ ಸಂಗೀತ. ನಾಟಕದ ಗುಂಪನ್ನು ಇಟ್ಟುಕೊಂಡದ್ದು ಹೋಲಿಕೆಗೆ ಮಾತ್ರ. ನಾಟಕದಿಂದ ಬುದ್ಧಿಮತ್ತೆಯ ಅಂಕ ಹೆಚ್ಚಲಿಲ್ಲ. ಆದರೆ ನಾಲ್ಕು ಗುಂಪುಗಳಲ್ಲಿ ಜೊತೆಯವರೊಂದಿಗೆ ಹೊಂದಿಕೊಂಡು ನಡೆಯುವ ಗುಣ ಬೆಳೆದದ್ದು ನಾಟಕ ಕಲಿತವರಲ್ಲಿ ಮಾತ್ರ. ತಾನು ಹುಡುಕದೇ ಇದ್ದದ್ದನ್ನು ಕಂಡ ಸಂಶೋಧಕನ ಸಾಕ್ಷ್ಯವಾದ್ದರಿಂದ ನನಗೆ ಅದರ ಮೇಲೆ ಹೆಚ್ಚು ವಿಶ್ವಾಸ. ನಾಟಕದಿಂದ ಲೆಕ್ಕದಲ್ಲಿ ನೂರಕ್ಕೆ ನೂರು ಬರುತ್ತದೆ ಎಂದು ಯಾರೂ ಪೋಷಕರಿಗೆ ಆಸೆ ಹುಟ್ಟಿಸಬಾರದು. ಮಾತು, ಗ್ರಹಿಕೆ, ಹೊಂದಾಣಿಕೆ, ಈ ಮೂರಕ್ಕೆ ಆಧಾರವಿದೆ. ನಾಲ್ಕು ಭಾಷೆಗಳ ನಡುವೆ ನಿಂತ ಮಲ್ಕಾಜ್‌ಗಿರಿಯ ಮಗುವಿಗೆ ಇದಕ್ಕಿಂತ ಹೆಚ್ಚು ಇನ್ನೇನು ಬೇಕು?

ಹಾಗಾದರೆ ಕನ್ನಡದ ಅಥವಾ ತೆಲುಗಿನ ಮೇಷ್ಟ್ರೇ ಇದನ್ನು ಮಾಡಲಿ, ಬೇರೆ ಹುದ್ದೆ ಯಾಕೆ ಎನ್ನುವುದು ಇನ್ನೊಂದು ತಕರಾರು. ಅನೇಕ ಭಾಷಾ ಶಿಕ್ಷಕರು ಮಾಡುತ್ತಲೂ ಇದ್ದಾರೆ, ಕರ್ನಾಟಕದ ಶಾಲಾ ಮಕ್ಕಳ ಸ್ಪರ್ಧೆಯಾದ ಪ್ರತಿಭಾ ಕಾರಂಜಿಗೆ ಮಕ್ಕಳನ್ನು ತಯಾರು ಮಾಡುವವರು ಅವರೇ. ಅವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಪಾಠ ಮುಗಿಸಬೇಕಾದ, ಉತ್ತರಪತ್ರಿಕೆ ತಿದ್ದಬೇಕಾದ, ಜನಗಣತಿಗೂ ಚುನಾವಣೆಗೂ ಹೋಗಬೇಕಾದ ಶಿಕ್ಷಕರ ತಲೆಯ ಮೇಲೆ ಇದನ್ನೂ ಹೊರಿಸಿದರೆ ನಾಟಕ ಮತ್ತೆ ಹದಿನೈದು ದಿನದ ತಯಾರಿಯಾಗುತ್ತದೆ, ಆಯ್ದ ಹತ್ತು ಮಕ್ಕಳದ್ದಾಗುತ್ತದೆ. ಹಣದ ತಕರಾರು ಇದಕ್ಕಿಂತ ಭಾರವಾದದ್ದು. ಗಣಿತದ ಶಿಕ್ಷಕರೇ ಇಲ್ಲದ ಶಾಲೆಗೆ ನಾಟಕದ ಶಿಕ್ಷಕರನ್ನು ಕೇಳುವುದು ಸರಿಯೇ? ಗಣಿತದ ಹುದ್ದೆ ಮೊದಲು ತುಂಬಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಣದ ಕೊರತೆಯೇ ಇಲ್ಲದ, ಹವಾನಿಯಂತ್ರಿತ ಕೋಣೆಗಳ ಖಾಸಗಿ ಶಾಲೆಗಳಲ್ಲೂ ಎಷ್ಟೋ ಕಡೆ ಖಾಯಂ ನಾಟಕ ಶಿಕ್ಷಕರಿಲ್ಲ. ಅಂದಮೇಲೆ ಅಡ್ಡಿಯಿರುವುದು ಹಣದಲ್ಲಷ್ಟೇ ಅಲ್ಲ. ಇದು ಪಾಠವಲ್ಲ, ಮನರಂಜನೆ ಎಂಬ ನಂಬಿಕೆಯಲ್ಲೂ ಇದೆ.

ಕಾಗದದ ಮೇಲೆ ಆ ನಂಬಿಕೆ ಬಿದ್ದುಹೋಗಿ ಬಹಳ ಕಾಲವಾಯಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ಚಿತ್ರಕಲೆಯ ಜೊತೆ ನಾಟಕವನ್ನೂ ಹತ್ತನೇ ತರಗತಿಯವರೆಗೆ ಕಲಿಸಬೇಕೆಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಠ್ಯ ಮತ್ತು ಪಠ್ಯೇತರ ಎಂಬ ಗೋಡೆಯೇ ಬೇಡವೆಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಮಾತ್ರ ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಸಾಕೆಂದು ಬರೆಯಿತು. ಆ 'ಅರೆಕಾಲಿಕ' ಎಂಬ ಪದದಲ್ಲಿ ಕಲಾ ಶಿಕ್ಷಕರ ಇಡೀ ಪಾಡು ಅಡಗಿದೆ. ಚಿತ್ರಕಲೆ, ಸಂಗೀತದವರ ಸಾಲಿನಲ್ಲಿ ನಾಟಕದವರಿಗೆ ಸಿಗುವುದು ಕೊನೆಯ ಜಾಗ. ಕರ್ನಾಟಕ ಸರ್ಕಾರ ಕೆಲವು ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನು ನೇಮಿಸಿ ಒಳ್ಳೆಯ ದಾರಿ ತೆರೆಯಿತು. ಸಾವಿರಾರು ಸರ್ಕಾರಿ ಪ್ರೌಢಶಾಲೆಗಳಿರುವ ನಾಡಿನಲ್ಲಿ ಅವರ ಸಂಖ್ಯೆ ತೀರಾ ಸಣ್ಣದು. ಅಮೆರಿಕದಲ್ಲಿ ಬ್ರಾಡ್‌ವೇಯ ಟೋನಿ ಪ್ರಶಸ್ತಿಯವರು 2015ರಿಂದ ಶಾಲೆಯ ನಾಟಕ ಶಿಕ್ಷಕರೊಬ್ಬರನ್ನು ವರ್ಷವರ್ಷವೂ ಗೌರವಿಸುತ್ತಾರೆ. ಮೊದಲ ಗೌರವ ಸಂದದ್ದು ಷಾರ್ಲೆಟ್ ನಗರದ ಕೋರಿ ಮಿಚೆಲ್ ಅವರಿಗೆ. ನಮ್ಮಲ್ಲೂ ಅಂಥದ್ದೊಂದು ಬರಲಿ. ಆದರೆ ಅಲ್ಲಿ ಗೌರವ ಪಡೆದವರಿಗೆ ಮರುದಿನ ಬೆಳಿಗ್ಗೆ ಹೋಗಲು ಒಂದು ತರಗತಿಯಿದೆ.

ಶಾಲೆಗೆ ನಾಟಕದ ಮೇಷ್ಟ್ರನ್ನು ತರುವುದು ಹೈದರಾಬಾದಿನಂಥ ಊರಿಗೆ ಕೈಗೆಟುಕದ್ದೇನೂ ಅಲ್ಲ. ಇಲ್ಲಿನ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ರಂಗಕಲೆಯ ವಿಭಾಗವಿದೆ. 1885ರಲ್ಲಿ ಕಡಪ ಜಿಲ್ಲೆಯ ಸುರಭಿ ಊರಿನಲ್ಲಿ ಶುರುವಾಗಿ ಮನೆಮಂದಿಯೆಲ್ಲ ಬಣ್ಣ ಹಚ್ಚುತ್ತ ಬಂದ ಸುರಭಿ ನಾಟಕದವರು ಈ ನಗರದಲ್ಲೇ ನೆಲೆ ನಿಂತಿದ್ದಾರೆ. ಕಾಚಿಗುಡದ ಸುತ್ತ ಕನ್ನಡದ ಸಂಸ್ಥೆಗಳಿವೆ. ಲೆಕ್ಕವನ್ನಾದರೂ ಹಾಕಿ ನೋಡಬಹುದು: ಒಬ್ಬ ನಾಟಕದ ಮೇಷ್ಟ್ರು ವಾರಕ್ಕೆ 24 ಪೀರಿಯಡ್ ತೆಗೆದುಕೊಂಡರೆ, ಪ್ರತಿ ತರಗತಿಗೆ ಎರಡರಂತೆ 12 ತರಗತಿ. ತರಗತಿಗೆ 40 ಮಕ್ಕಳೆಂದರೆ 480 ಮಕ್ಕಳು. ಪಕ್ಕಪಕ್ಕದ ಎರಡು ಮೂರು ಶಾಲೆಗಳು ಸೇರಿ ಒಂದು ಸಂಬಳ ಹೊಂದಿಸಿದರೆ ಅಷ್ಟೂ ಮಕ್ಕಳಿಗೆ ವಾರಕ್ಕೆರಡು ಸಲ ನಾಟಕದ ಪಾಠ. ರಂಗಮಂದಿರ ಬೇಡ, ಪರದೆ ಬೇಡ, ದೀಪ ಬೇಡ. ಬೆಂಚುಗಳನ್ನು ಗೋಡೆಗೆ ಸರಿಸಿ, ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ವೃತ್ತ ಬರೆಯುವಷ್ಟು ಜಾಗ ಬೇಕು.