ನಿಮಗಿದು ಗೊತ್ತೇ? ದುಡಿಮೆ, ವಲಸೆ, ನಿರುದ್ಯೋಗ ಭತ್ಯೆ

"ಸುಮ್ಮನೆ ಕೂತವರಿಗೆ ದುಡ್ಡು ಕೊಟ್ಟರೆ ಇನ್ಯಾರು ದುಡೀತಾರೆ?" "ಹೊರಗಿನವರು ಬಂದು ನಮ್ಮವರ ಕೆಲಸ ಕಿತ್ತುಕೊಂಡರು." ಚಹಾದಂಗಡಿಯಿಂದ ಶಾಸನಸಭೆಯವರೆಗೆ ಕೇಳಿಬರುವ ಈ ಎರಡೂ ಮಾತುಗಳು ಬಹಳ ಹಳೆಯವು. ಯಾರನ್ನಾದರೂ ಸೋಮಾರಿ ಎನ್ನುವ ಮುನ್ನ ತಿಳಿದಿರಬೇಕಾದ ಕೆಲವು ಸಂಗತಿಗಳು ಇಲ್ಲಿವೆ.

◆ ಕಾಯಕಕ್ಕೆ ಹೆಸರಾದ ಕಲ್ಯಾಣ ಕಟ್ಟಿದವರಲ್ಲಿ ವಲಸಿಗರು ಬಹಳ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ ಬಂದದ್ದು ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ. ಸೌದೆ ಹೊತ್ತು ಮಾರುತ್ತಿದ್ದ ಮೋಳಿಗೆಯ ಮಾರಯ್ಯ ಕಾಶ್ಮೀರದ ಅರಸನಾಗಿದ್ದನೆಂದು ಪರಂಪರೆ ಹೇಳುತ್ತದೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟು ನಮಗೆ ಬೇಡ, ಇದ್ದಲ್ಲಿಗೇ ಸುರಿದು ಬನ್ನಿ ಎಂದವಳು ಲಕ್ಕಮ್ಮ. ನಾವು ಅದನ್ನು ಸದ್ಗುಣವೆಂದು ಕೊಂಡಾಡುತ್ತೇವೆ.

◆ ಅದೇ 'ಇಷ್ಟು ಸಾಕು' ಎಂಬ ಮನಸ್ಸು ಜರ್ಮನಿಯಲ್ಲಿ ಹಿಂದುಳಿದಿರುವಿಕೆಯ ಗುರುತಾಯಿತು. ದುಡಿಮೆಯ ನೀತಿಯ ಬಗ್ಗೆ 1904–05ರಲ್ಲಿ ಬರೆದ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್, ಪೈರು ಕೊಯ್ಯುವವನ ಉದಾಹರಣೆ ಕೊಡುತ್ತಾನೆ. ಒಂದು ಅಳತೆ ಹೊಲಕ್ಕೆ 1 ಮಾರ್ಕ್ ಕೂಲಿಯಿದ್ದಾಗ ಆತ ದಿನಕ್ಕೆ ಎರಡೂವರೆ ಅಳತೆ ಕೊಯ್ದ. ಕೂಲಿ 1.25ಕ್ಕೆ ಏರಿದಾಗ ಎರಡೇ ಅಳತೆ ಕೊಯ್ದು, ಎಂದಿನ ಎರಡೂವರೆ ಮಾರ್ಕ್ ಪಡೆದು ಮನೆಗೆ ಹೋದ.

◆ ಅದೇ ವೇಬರ್ 1892ರಲ್ಲಿ ಎಲ್ಬೆ ನದಿಯ ಪೂರ್ವದ ಕೃಷಿ ಕಾರ್ಮಿಕರ ಬಗ್ಗೆ ದೊಡ್ಡ ವರದಿ ಬರೆದಿದ್ದ. ಸುಗ್ಗಿಯ ಕಾಲಕ್ಕೆ ಬರುವ ಪೋಲಿಷ್ ಕೂಲಿಗಳಿಗೆ ಗಡಿ ಮುಚ್ಚಬೇಕೆಂದು 1895ರ ಭಾಷಣದಲ್ಲಿ ವಾದಿಸಿದ್ದ. ಹೊರಗಿನ ಕೂಲಿಗಳ ಮೇಲಿನ ಭಯ ವಿದ್ವಾಂಸರನ್ನೂ ಬಿಟ್ಟಿಲ್ಲ.

◆ ಪ್ಲೇಗು ಬಂದು ಕೂಲಿಯವರು ಸಿಗದಂತಾದಾಗ, 1349ರಲ್ಲಿ ಇಂಗ್ಲೆಂಡ್ ಒಂದು ಸುಗ್ರೀವಾಜ್ಞೆ ಹೊರಡಿಸಿತು. 60 ವರ್ಷದೊಳಗಿನ ಗಟ್ಟಿಮುಟ್ಟಾದವರು ಕರೆದಲ್ಲಿ ಕೆಲಸಕ್ಕೆ ಹೋಗಬೇಕು, ಕೂಲಿ ಮಾತ್ರ ಪ್ಲೇಗಿಗೆ ಮುಂಚಿನದೇ. ದುಡಿಯಬಲ್ಲ ಭಿಕ್ಷುಕನಿಗೆ ಭಿಕ್ಷೆ ಹಾಕುವುದೂ ಅಪರಾಧವಾಯಿತು.

◆ ಸ್ವಂತ ದೇಶದೊಳಗೇ 'ಹೊರಗಿನವ'ರಾಗಬಹುದು. 1662ರ ಇಂಗ್ಲಿಷ್ ಕಾಯ್ದೆಯಡಿ, ವರ್ಷಕ್ಕೆ 10 ಪೌಂಡಿಗಿಂತ ಕಡಿಮೆ ಬಾಡಿಗೆಯ ಮನೆಗೆ ಬಂದ ಬಡವನನ್ನು, ಮುಂದೆ ಊರಿಗೆ ಹೊರೆಯಾದಾನು ಎಂಬ ಗುಮಾನಿಯ ಮೇಲೆ 40 ದಿನದೊಳಗೆ ಅವನ ಊರಿಗೆ ಅಟ್ಟಬಹುದಿತ್ತು. ಅರ್ಥಶಾಸ್ತ್ರಜ್ಞ ಆ್ಯಡಂ ಸ್ಮಿತ್ 1776ರಲ್ಲಿ ಇದನ್ನು ಕಟುವಾಗಿ ಟೀಕಿಸಿದ.

◆ 1834ರಲ್ಲಿ ಬ್ರಿಟನ್ ಇನ್ನೂ ಕಠಿಣವಾಯಿತು. ನೆರವು ಬೇಕಾದ ಬಡವರು ದುಡಿಮೆಮನೆಗೆ ಸೇರಬೇಕು, ಅಲ್ಲಿನ ಬದುಕು ಹೊರಗಿನ ಅತಿ ಬಡ ಕೂಲಿಯ ಬದುಕಿಗಿಂತಲೂ ಕೀಳಾಗಿರಬೇಕು. ಇದು ಆಡಳಿತದ ಲೋಪವಾಗಿರಲಿಲ್ಲ, ಬರೆದಿಟ್ಟ ನೀತಿಯೇ ಆಗಿತ್ತು.

◆ ಕೆಲಸ ಹೋಗುವುದು ಕೆಲಸಗಾರನ ತಪ್ಪಲ್ಲ ಎಂದು ಒಪ್ಪಲು ಸರ್ಕಾರಗಳಿಗೆ ಬಹಳ ಕಾಲ ಹಿಡಿಯಿತು. ಬಿಸ್ಮಾರ್ಕ್‌ನ ಜರ್ಮನಿ 1883ರಲ್ಲೇ ಆರೋಗ್ಯ ವಿಮೆ, 1884ರಲ್ಲಿ ಅಪಘಾತ ವಿಮೆ, 1889ರಲ್ಲಿ ವೃದ್ಧಾಪ್ಯ ವಿಮೆ ತಂದಿತು. ನಿರುದ್ಯೋಗ ವಿಮೆ ಬಂದದ್ದು 1927ರಲ್ಲಿ. ಬ್ರಿಟನ್ನಿನ 1911ರ ಕಾಯ್ದೆ ಕಟ್ಟಡ, ಹಡಗು, ಎಂಜಿನಿಯರಿಂಗ್ ಮುಂತಾದ ಕೆಲವೇ ಉದ್ಯಮಗಳಿಗೆ ಸೀಮಿತವಾಗಿತ್ತು. ವಾರಕ್ಕೆ 7 ಷಿಲಿಂಗ್, ವರ್ಷಕ್ಕೆ ಹೆಚ್ಚೆಂದರೆ 15 ವಾರ. ಅದಕ್ಕೂ ಕಾರ್ಮಿಕರು ಪ್ರತಿ ವಾರ ಕಂತು ಕಟ್ಟಿದ್ದರು, ಅದು ಬಿಟ್ಟಿ ದುಡ್ಡಲ್ಲ.

◆ ನೆರವಿನ ಜೊತೆಗೇ ಸಂಶಯವೂ ಬಂತು. 1921ರಿಂದ ಬ್ರಿಟನ್ನಿನಲ್ಲಿ ಭತ್ಯೆ ಬೇಕಾದವರು ತಾವು ನಿಜವಾಗಿ ಕೆಲಸ ಹುಡುಕುತ್ತಿದ್ದೇವೆಂದು ರುಜುವಾತು ಮಾಡಬೇಕಿತ್ತು. ಊರಿನಲ್ಲಿ ಕೆಲಸವೇ ಇಲ್ಲದಿದ್ದರೂ ಕಾರ್ಖಾನೆಯಿಂದ ಕಾರ್ಖಾನೆಗೆ ಅಲೆಯಬೇಕಿತ್ತು. 1930ರಲ್ಲಿ ಈ ನಿಯಮ ರದ್ದಾಯಿತು.

◆ ಕೆಲಸವಿಲ್ಲದವರು ಆರಾಮಾಗಿರುತ್ತಾರೆಯೇ? ಆಸ್ಟ್ರಿಯಾದ ಮರಿಯೆಂಥಾಲ್ ಎಂಬ ಹಳ್ಳಿ ಇಡೀ ಒಂದೇ ಬಟ್ಟೆ ಗಿರಣಿಯನ್ನು ನಂಬಿತ್ತು. ಗಿರಣಿ ಮುಚ್ಚಿದ ಮೇಲೆ ಸಂಶೋಧಕಿ ಮರೀ ಯಹೋಡಾ ಮತ್ತು ಸಂಗಡಿಗರು ಅಲ್ಲಿಗೆ ಹೋಗಿ, 1933ರಲ್ಲಿ ಅಧ್ಯಯನ ಪ್ರಕಟಿಸಿದರು. ಓದಲು ಸಮಯ ಬೇಕಾದಷ್ಟಿತ್ತು, ಗ್ರಂಥಾಲಯದಲ್ಲಿ ಶುಲ್ಕವೂ ಇರಲಿಲ್ಲ. ಆದರೂ ಜನ ಒಯ್ಯುವ ಪುಸ್ತಕಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದವು. ಸಂಶೋಧಕರು ಕಿಟಕಿಯ ಹಿಂದೆ ಗಡಿಯಾರ ಹಿಡಿದು ಅಳೆದಾಗ, ಗಂಡಸರ ನಡಿಗೆಯೇ ನಿಧಾನವಾಗಿತ್ತು. ಮನೆಗೆಲಸ ತಪ್ಪದ ಹೆಂಗಸರು ಮಾತ್ರ ಬೇಗ ಬೇಗ ನಡೆಯುತ್ತಿದ್ದರು. ಕೆಲಸ ಕಳೆದುಕೊಂಡವರಿಗೆ ಸಿಕ್ಕಿದ್ದು ಬಿಡುವಲ್ಲ, ಬಳಲಿಕೆ.

◆ 'ಸೋಮಾರಿ' ಎಂಬ ಹಣೆಪಟ್ಟಿ ಕೆಲವೊಮ್ಮೆ ಮಾಲೀಕರ ಅನುಕೂಲಕ್ಕೆ ಹುಟ್ಟುತ್ತದೆ. ಮಲಯ, ಜಾವಾ, ಫಿಲಿಪೀನ್ಸ್ ಜನರಿಗೆ ವಸಾಹತು ಆಡಳಿತಗಾರರು ಈ ಹೆಸರು ಕೊಟ್ಟ ಬಗೆಯನ್ನು ಸಮಾಜಶಾಸ್ತ್ರಜ್ಞ ಸೈಯದ್ ಹುಸೇನ್ ಅಲಾತಾಸ್ 1977ರ ತಮ್ಮ ಪುಸ್ತಕದಲ್ಲಿ ಬಿಡಿಸಿಟ್ಟರು. ಮಲಯದವರು ತಮ್ಮ ಗದ್ದೆ, ಮೀನುಗಾರಿಕೆಯಲ್ಲಿ ಚೆನ್ನಾಗಿಯೇ ದುಡಿಯುತ್ತಿದ್ದರು. ತೋಟಗಳಲ್ಲಿ ಅಗ್ಗದ ಕೂಲಿಗೆ ಬರಲು ಒಪ್ಪದ್ದೇ ಅವರ 'ಸೋಮಾರಿತನ'ವಾಯಿತು. ಆ ತೋಟಗಳಿಗೆ ತಮಿಳುನಾಡಿನಿಂದ ಕೂಲಿಗಳನ್ನು ಹಡಗಿನಲ್ಲಿ ಕರೆತರಲಾಯಿತು.

◆ ವಲಸಿಗರನ್ನು ಹೊರಹಾಕಿದರೆ ಸ್ಥಳೀಯರ ಕೂಲಿ ಏರುತ್ತದೆಯೇ? ಅಮೆರಿಕ 1942ರಿಂದ 1964ರವರೆಗೆ ಬ್ರಸೆರೊ ಎಂಬ ಯೋಜನೆಯಡಿ ಮೆಕ್ಸಿಕೋದ ಹೊಲಗೆಲಸಗಾರರನ್ನು ಒಪ್ಪಂದದ ಮೇಲೆ ಕರೆಸಿಕೊಂಡಿತು. ಸ್ಥಳೀಯರಿಗೆ ಒಳಿತಾಗಲೆಂದು ಅದನ್ನು ನಿಲ್ಲಿಸಿತು. ಅರ್ಥಶಾಸ್ತ್ರಜ್ಞರು ಆ ಕಾಲದ ಲೆಕ್ಕಪತ್ರ ತೆಗೆದು ನೋಡಿದಾಗ ಸ್ಥಳೀಯರ ಕೂಲಿ ಅದರಿಂದ ಏರಿದ್ದು ಕಾಣಲಿಲ್ಲ. ತೋಟದವರು ಟೊಮೆಟೊ ಕೀಳುವ ಯಂತ್ರದಂಥವುಗಳ ಕಡೆ ತಿರುಗಿದ್ದರು.

◆ ಪಶ್ಚಿಮ ಜರ್ಮನಿಗೆ 10 ಲಕ್ಷನೆಯ 'ಅತಿಥಿ ಕಾರ್ಮಿಕ'ನಾಗಿ ಬಂದವನು ಪೋರ್ಚುಗಲ್‌ನ ಬಡಗಿ ಅರ್ಮಾಂಡೊ ರೊಡ್ರಿಗೆಸ್ ಡಿ ಸಾ. 1964ರ ಸೆಪ್ಟೆಂಬರ್ 10ರಂದು ಕಲೋನ್ ನಿಲ್ದಾಣದಲ್ಲಿ ಆತನಿಗೆ ಹೂಗುಚ್ಛ, ವಾದ್ಯ, ಒಂದು ಮೊಪೆಡ್ ಉಡುಗೊರೆ. ಮೊಪೆಡ್ ಇಂದು ಬಾನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಕಾಯಿಲೆಬಿದ್ದು ಊರಿಗೆ ಮರಳಿದ ಆತ ಉಳಿತಾಯವನ್ನೆಲ್ಲ ಚಿಕಿತ್ಸೆಗೆ ಸುರಿದು 1979ರಲ್ಲಿ ತೀರಿಕೊಂಡ. ತಾನು ದುಡಿದ ದೇಶದ ವಿಮೆಯಿಂದ ನೆರವು ಪಡೆಯುವ ಹಕ್ಕು ತನಗಿದೆಯೆಂಬುದು ಆತನಿಗೆ ತಿಳಿದಿರಲೇ ಇಲ್ಲ.

◆ ವಲಸಿಗರು ಭತ್ಯೆಗಾಗಿ ಬರುತ್ತಾರೆಂಬ ಮಾತನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಪರೀಕ್ಷಿಸಿದರು. 2000ದ ನಂತರ ಯುರೋಪಿನಿಂದ ಬ್ರಿಟನ್ನಿಗೆ ಬಂದವರು 2011ರವರೆಗೆ ಪಡೆದದ್ದಕ್ಕಿಂತ ಸುಮಾರು 2,000 ಕೋಟಿ ಪೌಂಡ್ ಹೆಚ್ಚು ತೆರಿಗೆ ಕಟ್ಟಿದ್ದರು.

◆ ಸರ್ಕಾರ ದುಡ್ಡು ಕೊಟ್ಟರೆ ಬಡವರು ಕೆಲಸ ಬಿಡುತ್ತಾರೆಯೇ? ನೊಬೆಲ್ ಪುರಸ್ಕೃತ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಆರು ದೇಶಗಳ ಏಳು ನಗದು ಯೋಜನೆಗಳನ್ನು ಪರಿಶೀಲಿಸಿದರು. ಜನ ದುಡಿಮೆ ಬಿಟ್ಟದ್ದಕ್ಕೆ ಪುರಾವೆ ಸಿಗಲಿಲ್ಲ. ಫಿನ್ಲೆಂಡ್ 2017–18ರಲ್ಲಿ 2,000 ನಿರುದ್ಯೋಗಿಗಳಿಗೆ ಯಾವ ಷರತ್ತೂ ಇಲ್ಲದೆ ತಿಂಗಳಿಗೆ 560 ಯೂರೊ ಕೊಟ್ಟಿತು. ಅವರು ಉಳಿದ ನಿರುದ್ಯೋಗಿಗಳಿಗಿಂತ ಕೊಂಚ ಹೆಚ್ಚೇ ದಿನ ಕೆಲಸ ಮಾಡಿದರು.

◆ ಭಾರತದ ವಲಸೆಯನ್ನು ಎಣಿಸಲು 2016–17ರ ಆರ್ಥಿಕ ಸಮೀಕ್ಷೆ ರೈಲಿನ ಕಾಯ್ದಿರಿಸದ ಟಿಕೆಟ್‌ಗಳ ಲೆಕ್ಕ ಹಿಡಿಯಿತು. ಕೆಲಸ ಅರಸಿ ರಾಜ್ಯ ದಾಟುವವರು ವರ್ಷಕ್ಕೆ ಸುಮಾರು 90 ಲಕ್ಷ ಎಂದು ಕಂಡಿತು. ಯಾದಗಿರಿ, ರಾಯಚೂರು, ಕಲಬುರಗಿಯಿಂದ ಗುಳೆ ಹೋಗುವ ನಮ್ಮವರೂ ಇದರಲ್ಲಿದ್ದಾರೆ. ಹಿಂದೆ ಕರಾವಳಿಯಿಂದ ಮುಂಬೈ ಸೇರಿದ ಹುಡುಗರೂ ಹೀಗೇ ಊರು ಬಿಟ್ಟವರು; ಅವರು ಹಗಲು ಹೋಟೆಲಿನಲ್ಲಿ ದುಡಿದು, ಕನ್ನಡಿಗರೇ ಕಟ್ಟಿದ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದರು.

◆ ಗುತ್ತಿಗೆದಾರನ ಮೂಲಕ ರಾಜ್ಯ ದಾಟಿದ ಕಾರ್ಮಿಕನಿಗೆ, ಊರು ಬಿಟ್ಟದ್ದಕ್ಕಾಗಿಯೇ ತಿಂಗಳ ಕೂಲಿಯ ಅರ್ಧ ಅಥವಾ 75 ರೂಪಾಯಿ, ಯಾವುದು ಹೆಚ್ಚೋ ಅದನ್ನು ಕೊಡಬೇಕೆಂದು 1979ರ ಕಾಯ್ದೆ ಹೇಳಿತ್ತು. 2020ರ ಹೊಸ ಕಾರ್ಮಿಕ ಸಂಹಿತೆಯಲ್ಲಿ ಈ ಭತ್ಯೆಯಿಲ್ಲ.

◆ 2020ರ ಮೇ ತಿಂಗಳಲ್ಲಿ, ಕಟ್ಟಡ ಉದ್ಯಮಿಗಳ ಜೊತೆ ಸಭೆ ನಡೆಸಿದ ಮೇಲೆ ಲಾಕ್‌ಡೌನ್‌ನಲ್ಲಿ ಊರಿಗೆ ಮರಳುತ್ತಿದ್ದ ವಲಸೆ ಕಾರ್ಮಿಕರ ರೈಲುಗಳನ್ನು ನಿಲ್ಲಿಸುವಂತೆ ಕರ್ನಾಟಕ ಸರ್ಕಾರ ರೈಲ್ವೆಯನ್ನು ಕೇಳಿತ್ತು. ಟೀಕೆ ಬಂದು ಕೆಲವೇ ದಿನಗಳಲ್ಲಿ ನಿರ್ಧಾರ ಹಿಂತೆಗೆಯಿತು. ಅವರಿಲ್ಲದೆ ಬೆಂಗಳೂರಿನ ಕೆಲಸ ಸಾಗದೆಂಬುದು ಅಂದು ಎಲ್ಲರಿಗೂ ಗೊತ್ತಾಯಿತು.

◆ ನಮ್ಮಲ್ಲೂ ನಿರುದ್ಯೋಗ ಭತ್ಯೆ ಇದೆ. ಕೇಳಿದ 15 ದಿನದಲ್ಲಿ ಕೆಲಸ ಕೊಡದಿದ್ದರೆ ಮೊದಲ 30 ದಿನಕ್ಕೆ ಕೂಲಿಯ ಕಾಲುಭಾಗ, ಆಮೇಲೆ ಅರ್ಧ ಎಂದು 2005ರ ಉದ್ಯೋಗ ಖಾತ್ರಿ ಕಾಯ್ದೆ ಬರೆದಿತ್ತು. ಆ ಹಣ ಕೈಗೆ ಬಂದದ್ದು ತೀರಾ ಅಪರೂಪ. ಕರ್ನಾಟಕದ ಯುವನಿಧಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿಯನ್ನು ಗರಿಷ್ಠ ಎರಡು ವರ್ಷ ಕೊಡುತ್ತದೆ. ಗಾರೆ ಕೆಲಸ ನಿಂತು ಬರಿಗೈಯಾದವರಿಗೆ ಅಂಥ ಯೋಜನೆಯಿಲ್ಲ.

◆ ಯುಎಇ 2023ರಿಂದ ನಿರುದ್ಯೋಗ ವಿಮೆಯನ್ನು ವಿದೇಶಿ ನೌಕರರಿಗೂ ಕಡ್ಡಾಯ ಮಾಡಿದೆ. ಮೂಲವೇತನ 16,000 ದಿರ್ಹಂವರೆಗೆ ಇದ್ದವರಿಗೆ ತಿಂಗಳ ಕಂತು 5 ದಿರ್ಹಂ. ಕೆಲಸ ಹೋದರೆ ಮೂಲವೇತನದ ಶೇಕಡಾ 60, ಮೂರು ತಿಂಗಳವರೆಗೆ. ಅಲ್ಲಿರುವ ಕನ್ನಡಿಗರಿಗೂ ಇದು ಅನ್ವಯ. ಆದರೆ ಮನೆಗೆಲಸದವರು ಇದರಿಂದ ಹೊರಗೆ.

◆ ಜಗತ್ತಿನ ನಿರುದ್ಯೋಗಿಗಳಲ್ಲಿ ಭತ್ಯೆ ಸಿಗುವುದು ಸುಮಾರು ಆರರಲ್ಲಿ ಒಬ್ಬರಿಗೆ ಮಾತ್ರ ಎನ್ನುತ್ತದೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ. ನಮ್ಮ ನಿಜವಾದ ಸಮಸ್ಯೆ ಭತ್ಯೆಯ ದುರುಪಯೋಗವಲ್ಲ, ಅದು ತಲುಪಬೇಕಾದವರಿಗೆ ತಲುಪದಿರುವುದು.

◆ ಕೊನೆಯದಾಗಿ, ಇವತ್ತೇ ಉಪಯೋಗಕ್ಕೆ ಬರುವ ಎರಡು ಸಂಗತಿ. ನೌಕರರ ರಾಜ್ಯ ವಿಮೆಯ (ಇಎಸ್‌ಐ) ಕಂತು ಕಟ್ಟಿದ ಕಾರ್ಮಿಕರು ಕೆಲಸ ಕಳೆದುಕೊಂಡರೆ, 2018ರ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಡಿ 90 ದಿನದವರೆಗೆ ಪರಿಹಾರ ಕೇಳಬಹುದು. 2020ರಲ್ಲಿ ಅದು ಸರಾಸರಿ ಕೂಲಿಯ ಶೇಕಡಾ 25ರಿಂದ 50ಕ್ಕೆ ಏರಿತು. ಇನ್ನು, 'ಒಂದು ದೇಶ, ಒಂದು ಪಡಿತರ ಚೀಟಿ' 2022ರ ಜೂನ್ ವೇಳೆಗೆ ಎಲ್ಲ ರಾಜ್ಯಗಳಿಗೂ ಬಂದಿದೆ. ಬಿಹಾರದ ಚೀಟಿಯವರು ತಮ್ಮ ಪಾಲನ್ನು ಬೆಂಗಳೂರಿನಲ್ಲಿ ಪಡೆಯಬಹುದು, ಯಾದಗಿರಿಯವರು ಮುಂಬೈಯಲ್ಲಿ. ಕುಟುಂಬ ಊರಲ್ಲೇ ಇದ್ದರೆ ಉಳಿದ ಪಾಲನ್ನು ಅವರು ಅಲ್ಲೇ ತೆಗೆದುಕೊಳ್ಳಬಹುದು. ಇದು ದಾನವಲ್ಲ, ಹಕ್ಕು. ನಿಮ್ಮ ಬೀದಿಯಲ್ಲಿ ಮನೆ ಕಟ್ಟುತ್ತಿರುವ ಗಾರೆಯವರಿಗೆ, ಅಪಾರ್ಟ್‌ಮೆಂಟ್ ಕಾಯುವವರಿಗೆ ದಯವಿಟ್ಟು ಈ ವಿಷಯ ತಿಳಿಸಿ.